ಟಾರ್ನೀಟಿನ ಹಿತ್ತಿಲಲ್ಲಿ ಸಿಕ್ಕ ಫಿರಂಗಿ

ಮೆಲ್ಬರ್ನಿನ ಹೊರವಲಯದ ಟಾರ್ನೀಟಿನ ಮನೆಯೆಂದರೆ ನನಗೆ ಮೊದಲು ನೆನಪಾಗುವುದು ಊಟದ ಮೇಜಿನ ಮೇಲಿದ್ದ ಹಲ್ಲುಗಳು. ಗುಲಾಬಿ ಬಣ್ಣದ ರಬ್ಬರ್ ಒಸಡಿನಲ್ಲಿ ಸಾಲಾಗಿ ಕೂತ ಬಿಳಿ ಪ್ಲಾಸ್ಟಿಕ್ ಹಲ್ಲುಗಳು. ಅಮ್ಮ ಮೈಸೂರಿನಲ್ಲಿ ಹಲ್ಲಿನ ಡಾಕ್ಟರಾಗಿದ್ದವಳು. ಮೆಲ್ಬರ್ನಿನಲ್ಲಿ ಆ ಕೆಲಸ ಮಾಡಬೇಕಾದರೆ ಹೊಸದಾಗಿ ಪರೀಕ್ಷೆ ಕಟ್ಟಬೇಕಿತ್ತು. ಅದಕ್ಕಾಗಿ ಆ ಹಲ್ಲುಗಳನ್ನು ಕೊರೆದು, ತುಂಬಿ, ಉಜ್ಜಿ ಅಭ್ಯಾಸ ಮಾಡುತ್ತಿದ್ದಳು. ನಾನು ಹುಳಿಯನ್ನ ಕಲೆಸಿಕೊಂಡು ತಿನ್ನುವಾಗ ತಟ್ಟೆಯ ಪಕ್ಕದಲ್ಲೇ ಆ ದವಡೆ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು. ಮನೆ ತುಂಬ ಹೊಸ ಪೇಂಟಿನ ವಾಸನೆ, ಅದರ ಜೊತೆ ಲವಂಗದೆಣ್ಣೆಯ ಘಾಟು. ಹೊಸ ಬಡಾವಣೆ, ನಮ್ಮ ಬೀದಿಯಲ್ಲಿ ಇನ್ನೂ ಅರ್ಧ ಮನೆಗಳು ಬರೀ ಮರದ ಚೌಕಟ್ಟಾಗಿ ನಿಂತಿದ್ದವು. ಮುಂದಿನ ಹಾಲಿನಲ್ಲಿ ಕುರ್ಚಿಯೂ ಇರಲಿಲ್ಲ, ಮಾತಾಡಿದರೆ ಗೋಡೆ ಮಾರುತ್ತರ ಕೊಡುತ್ತಿತ್ತು. ಟವೆಲ್ ಇಡುವ ಕಪಾಟಿನ ನಡುವಿನ ಹಲಗೆಯನ್ನು ಅಮ್ಮ ದೇವರ ಮನೆ ಮಾಡಿಕೊಂಡಿದ್ದಳು. ದೀಪ ಹಚ್ಚಿದರೆ ಮೇಲಿನ ಹಲಗೆ ಕಪ್ಪಾಗುತ್ತದೆಂದು ಅಪ್ಪ ಅಲ್ಲಿಗೆ ತಗಡು ಹೊಡೆದುಕೊಟ್ಟಿದ್ದ. ಆಗ ನನಗೆ ಒಂಬತ್ತೋ ಹತ್ತೋ. ಅವರಿಬ್ಬರ ಕನ್ನಡ ನನಗೆ ಪೂರ್ತಿ ತಿಳಿಯುತ್ತಿತ್ತು, ಆದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಆ ಬೇಸಿಗೆಯಲ್ಲಿ ಅಮ್ಮನ ಪರೀಕ್ಷೆ ಎರಡನೇ ಸಲ ಕೈಕೊಟ್ಟಿತು. ಫಲಿತಾಂಶ ಬಂದ ದಿನ ಅವಳು ಅಳಲಿಲ್ಲ. ದವಡೆಯನ್ನು ಡಬ್ಬಕ್ಕೆ ಹಾಕಿ ಲಾಂಡ್ರಿಯ ಮೇಲಿನ ಕಪಾಟಿಗೆ ಸೇರಿಸಿದಳು. ಆಮೇಲೆ ಮಾತೇ ಕಡಿಮೆಯಾಯಿತು. ಅಡಿಗೆ ಆಗುತ್ತಿತ್ತು, ನನ್ನ ಜಡೆ ಆಗುತ್ತಿತ್ತು, ಎಲ್ಲವೂ ಸದ್ದಿಲ್ಲದೆ. ಒಂದು ಸಂಜೆ ಚಪಾತಿ ಲಟ್ಟಿಸುತ್ತಾ, ಹಿಟ್ಟಿನಿಂದ ಕಣ್ಣೆತ್ತದೆ, ಅಪ್ಪನಿಗೆ ಹೇಳಿದಳು:

“ನಾನು ಮೈಸೂರಿಗೆ ಹೊರಟೋಗ್ತೀನಿ. ಸಿಂಧೂನ ಕರ್ಕೊಂಡು ಹೋಗ್ತೀನಿ. ಇಲ್ಲಿ ನಾನು ಯಾರೂ ಅಲ್ಲ.”

“ಪಿಆರ್ ಬಂದಿದೆ, ಇಲ್ಲೇ ಖಾಯಮ್ಮಾಗಿ ಇರಬಹುದು, ಮನೆ ಆಗಿದೆ. ಈಗ ಹೋಗ್ತೀನಿ ಅಂದ್ರೆ ಹೇಗೆ, ವಸು?”

“ಮನೆ ನಿನಗೆ ಆಗಿದೆ.”

ಮಾರನೆಯ ಶನಿವಾರ ಬೆಳಿಗ್ಗೆ ಅಪ್ಪ ಹಾರೆ ಹಿಡಿದು ಹಿತ್ತಿಲಿಗೆ ಹೋದ. ಬಟ್ಟೆ ಒಣಗಿಸಲು ಕಂಬ ನೆಟ್ಟು ಹಗ್ಗ ಕಟ್ಟಿಕೊಡು ಎಂದು ಅಮ್ಮ ಮನೆಗೆ ಬಂದ ದಿನದಿಂದ ಕೇಳುತ್ತಿದ್ದಳು. ಅವಳಿಗಾಗಿ ಏನಾದರೂ ಮಾಡಬೇಕೆಂದು ಅವನಿಗೆ ಅನ್ನಿಸಿರಬೇಕು. ಅಲ್ಲಿನ ನೆಲ ಕರಿ ಜೇಡಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ, ಒಳಗೆ ನಿಜವಾದ ಕಲ್ಲೂ ಇರುತ್ತದೆ. ಬೇಲಿಯ ಮೂಲೆಯಲ್ಲಿ ಮಂಡಿಯುದ್ದ ಅಗೆಯುವ ಹೊತ್ತಿಗೆ ಹಾರೆ ಠಣ್ ಎಂದಿತು. ಕಲ್ಲಿನ ಸದ್ದಲ್ಲ. ಗಂಟೆ ಹೊಡೆದಂತೆ, ನೆಲದೊಳಗೆ ಉದ್ದಕ್ಕೆ ಹರಿದುಹೋದ ಸದ್ದು. ಅಡಿಗೆಮನೆಯ ಕಿಟಕಿಯಿಂದ ಅಮ್ಮನೂ ತಲೆ ಹೊರಹಾಕಿದಳು.

ಮೊದಲು ಬಂದದ್ದು ನನ್ನಷ್ಟೇ ಎತ್ತರದ ಕಬ್ಬಿಣದ ಬಳೆ. ಗಾಡಿಯ ಚಕ್ರದ ಪಟ್ಟಿ ಎಂದ ಅಪ್ಪ. ಮರವೆಲ್ಲ ಮಣ್ಣಾಗಿ ಪಟ್ಟಿ ಮಾತ್ರ ಉಳಿದಿತ್ತು. ಅದರ ಪಕ್ಕದಲ್ಲಿ ಅಚ್ಚು. ಅಚ್ಚಿನ ಆಚೆ, ಮಣ್ಣು ಬಿಡಿಸುತ್ತಾ ಹೋದಷ್ಟೂ ಮುಗಿಯದ, ತುಕ್ಕು ಹಿಡಿದ ದಪ್ಪ ಕೊಳವೆ. ನೀರಿನ ಪೈಪಿರಬೇಕೆಂದು ಅಪ್ಪ ಸ್ವಲ್ಪ ಹೆದರಿದ. ಆದರೆ ಕೊಳವೆಯ ಒಂದು ಕೊನೆ ಚೌಕವಾಗಿ, ಗಟ್ಟಿಯಾಗಿ, ದೊಡ್ಡ ಬೀಗದಂತೆ ಇತ್ತು. ಇನ್ನೊಂದು ಕೊನೆಯ ತೂತಿನೊಳಗೆ ನಾನು ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಗೋಡೆಯುದ್ದಕ್ಕೂ ಸಣ್ಣ ಗೆರೆಗಳು, ಬಳ್ಳಿ ಮರಕ್ಕೆ ಸುತ್ತಿಕೊಂಡಂತೆ ತಿರುಗುತ್ತಾ ಒಳಕ್ಕೆ ಹೋಗಿದ್ದವು. ಅಷ್ಟು ಮಣ್ಣು, ಅಷ್ಟು ತುಕ್ಕಿನ ನಡುವೆ ಅಷ್ಟು ನಾಜೂಕಾದ ಗೆರೆಗಳು.

“ಅಮ್ಮಾ, ಕಮ್ ಅಂಡ್ ಸೀ!”

ಅಮ್ಮ ಕೈ ಒರೆಸಿಕೊಂಡು ಬಂದಳು. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ರೋಗಿಯ ಬಾಯಿ ನೋಡುವ ಹಾಗೆಯೇ ತಲೆ ವಾರೆ ಮಾಡಿ, ಒಳಗೆ ನೋಡಿದಳು. “ಇದು ತೋಪು ಕಣ್ರೀ,” ಎಂದಳು. ಅಪ್ಪನಿಗೆ ಅವಳು ‘ರೀ’ ಹಾಕುವುದು ಗಾಬರಿಯಾದಾಗ ಮಾತ್ರ.

ಪೊಲೀಸರು ಬಂದರು, ಅವರ ಹಿಂದೆ ಸಿಡಿಮದ್ದು ಬಲ್ಲವರು ಬಂದರು. ನಮ್ಮನ್ನು ಬೀದಿಯಾಚೆ ನಿಲ್ಲಿಸಿ ಒಳಗೆಲ್ಲ ಪರೀಕ್ಷಿಸಿ, ಗುಂಡಿಲ್ಲ, ಮದ್ದಿಲ್ಲ, ಬರೀ ಹಳೇ ಕಬ್ಬಿಣ ಎಂದು ಹೇಳಿ ಹೋದರು. ಅದು ಯಾವ ಫಿರಂಗಿ, ಯಾರದ್ದು, ನಮ್ಮ ಹಿತ್ತಿಲಿನ ಕೆಳಗೆ ಹೇಗೆ ಬಂತು ಎಂಬುದು ಅವರಿಗೆ ಬೇಕಿರಲಿಲ್ಲ. ಅಪ್ಪನಿಗೆ ತಕ್ಷಣ ನೆನಪಾದದ್ದು ರಘು ಅಂಕಲ್. ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಪ್ಪನ ಬೆಂಚಿನ ಗೆಳೆಯ, ಈಗ ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ಮನೆ. ವಾರವಿಡೀ ರೈಲ್ವೆಯ ಕೆಲಸ; ಶನಿವಾರವಾದರೆ ಹಳೇ ಯುದ್ಧದ ಗಾಡಿ, ಫಿರಂಗಿಗಳನ್ನು ರಿಪೇರಿ ಮಾಡುವ ಒಂದು ಗುಂಪಿನ ಜೊತೆ ಗ್ರೀಸ್ ಬಳಿದುಕೊಂಡು ಕೂರುವವರು. ಫೋನಿನಲ್ಲಿ ಅವರ ದನಿ ಪಕ್ಕದ ಕೋಣೆಗೂ ಕೇಳುತ್ತಿತ್ತು.

“ಲೋ ಪ್ರಕಾಶ, ಬಾಯಿಯ ಅಳತೆ ತಗೋ. ಎಂಬತ್ನಾಲ್ಕು ಮಿಲಿಮೀಟರ್ ಬಂದ್ರೆ ಬ್ರಿಟಿಷರದ್ದು, ಅದು ಬೇಕಾದಷ್ಟಿದೆ. ಎಪ್ಪತ್ತೇಳು ಬಂದ್ರೆ ಮಾತ್ರ ಕೂತ್ಕೊಂಡು ಫೋನ್ ಮಾಡು. ನಿಂತಿದ್ರೆ ಬಿದ್ದುಬಿಡ್ತೀಯ.”

ಅಪ್ಪನ ಟೇಪಿನಲ್ಲಿ ಒಂದೊಂದು ಸಲಕ್ಕೆ ಒಂದೊಂದು ಅಳತೆ ಬಂತು. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಲಾಂಡ್ರಿಗೆ ಹೋಗಿ, ಸ್ಟೂಲು ಹತ್ತಿ, ಮೇಲಿನ ಕಪಾಟಿನಿಂದ ತನ್ನ ಸಾಮಾನಿನ ಪೆಟ್ಟಿಗೆ ಇಳಿಸಿದಳು. ಹಲ್ಲಿನ ಕಿಟ್ಟ ಕೆರೆಯುವ ಕೊಕ್ಕೆಯಿಂದ ಬಾಯಿಯ ಒಳಗಂಚಿನ ತುಕ್ಕನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿದಳು. ಗಟ್ಟಿ ಲೋಹ ಕಂಡ ಮೇಲೆ ತನ್ನ ಅಳತೆಕಡ್ಡಿ ಹಿಡಿದಳು. ಎಪ್ಪತ್ತೇಳು. ಅಪ್ಪ ನಿಜವಾಗಿಯೂ ಕೂತುಕೊಂಡ.

ಅಲ್ಲಿಂದ ನಮ್ಮ ಮನೆಯ ದಿನಚರಿಯೇ ಬದಲಾಯಿತು. ಬೆಳಿಗ್ಗೆ ನನ್ನನ್ನು ಸ್ಕೂಲಿಗೆ ಬಿಟ್ಟು ಬಂದವಳೇ ಅಮ್ಮ ಗುಂಡಿಗೆ ಇಳಿಯುತ್ತಿದ್ದಳು. ಹಳೇ ಚಾಪೆಯ ಮೇಲೆ ಕೂತು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಕೊಕ್ಕೆ, ಬ್ರಷ್ಷು, ಹತ್ತಿ. ನಾನು ಸಂಜೆ ಬಂದಾಗ ಅಂಗೈ ಅಗಲ ಜಾಗ ಹೊಸದಾಗಿ ಕಾಣುತ್ತಿತ್ತು, ಅಮ್ಮನ ಹುಬ್ಬಿನಲ್ಲಿ ಕೆಂಪು ಪುಡಿ ಇರುತ್ತಿತ್ತು. ಕೆಲವು ದಿನ ಅಡಿಗೆಗೆ ಹೊತ್ತಾಗಿ ಬರೀ ಮೊಸರನ್ನ, ಉಪ್ಪಿನಕಾಯಿ. ಯಾರೂ ದೂರಲಿಲ್ಲ. ಕೊಳವೆಯ ಹಿಂಭಾಗದಲ್ಲಿ ಏನೋ ಕೊರೆದಂತೆ ಬೆರಳಿಗೆ ಸಿಗುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಒಂದು ಸಂಜೆ ಅಮ್ಮ ದೇವರ ಹಲಗೆಯಿಂದ ರಂಗೋಲಿ ಪುಡಿಯ ಡಬ್ಬಿ ತಂದು, ಒಂದು ಚಿಟಿಕೆ ಎತ್ತಿ, ಕಬ್ಬಿಣದ ಮೇಲೆ ಉದುರಿಸಿ ಅಂಗೈಯಿಂದ ತೇಯ್ದಳು. ಮೇಲಿನ ಪುಡಿಯನ್ನು ಊದಿದಳು. ಕಪ್ಪು ಲೋಹದ ಮೇಲೆ ಬೆಳ್ಳಗೆ ಒಂದು ಕಿರೀಟ ಎದ್ದು ನಿಂತಿತು. ಅದರ ಕೆಳಗೆ ಹೆಣೆದುಕೊಂಡ ಅಕ್ಷರ. ಇನ್ನೂ ಕೆಳಗೆ ರೆಕ್ಕೆ ಬಿಚ್ಚಿದ ಹದ್ದು, ಒಂದು ಸಾಲು ಬರಹ. ಎಷ್ಟೋ ಕಾಲ ಕತ್ತಲಲ್ಲಿ ಇದ್ದದ್ದು ನಮ್ಮ ಮನೆಯ ರಂಗೋಲಿಯಲ್ಲಿ ಹೊರಗೆ ಬಂದಿತ್ತು.

ಹಲ್ಲಿನ ಅಚ್ಚು ತೆಗೆಯುವ ಪೇಸ್ಟಿನಲ್ಲಿ ಅಮ್ಮ ಆ ಗುರುತುಗಳ ಅಚ್ಚು ತೆಗೆದು ಪ್ಲಾಸ್ಟರ್ ಹುಯ್ದಳು. ಸ್ಕೂಲ್ ರಜೆಯಲ್ಲಿ ಅದನ್ನು ಚಕ್ಕುಲಿಯ ಡಬ್ಬದಲ್ಲಿ ಬಟ್ಟೆ ಸುತ್ತಿಟ್ಟುಕೊಂಡು ಕಾರಿನಲ್ಲಿ ಸಿಡ್ನಿಗೆ ಹೊರಟೆವು. ದಾರಿಯುದ್ದಕ್ಕೂ ಡಬ್ಬ ಅಮ್ಮನ ತೊಡೆಯ ಮೇಲಿತ್ತು.

ಪೆಂಡಲ್ ಹಿಲ್‌ನ ರಘು ಅಂಕಲ್ ಮನೆಯಲ್ಲಿ ಕಾರು ಯಾವಾಗಲೂ ಹೊರಗೇ ನಿಲ್ಲುತ್ತಿತ್ತು. ಗರಾಜಿನ ತುಂಬ ಕಬ್ಬಿಣ. ಜರ್ಮನಿಯ ಟ್ಯಾಂಕುಗಳ ಚಕ್ರ, ಸರಪಳಿಯ ಕೊಂಡಿಗಳು, ಸ್ಪ್ರಿಂಗುಗಳು. ಯಾವುದೋ ದೇಶದ ಹೊಲದಿಂದ, ನದಿಯ ಕೆಸರಿನಿಂದ ಎದ್ದು, ಹಡಗಿನಲ್ಲಿ ಬಂದವು. ಒಂದು ಕೊಂಡಿಯನ್ನು ಎತ್ತಲು ಹೋಗಿ ನಾನು ಅಲ್ಲಾಡಿಸಲೂ ಆಗದೆ ಬಿಟ್ಟೆ. ಅಂಕಲ್ ನನ್ನ ಬೆರಳು ಹಿಡಿದು ಅದರ ಮೇಲಿನ ಉಬ್ಬಕ್ಷರಗಳ ಮೇಲೆ ಓಡಿಸಿದರು.

“ನೋಡು ಸಿಂಧು, ಇದು ಯಾವ ಟ್ಯಾಂಕಿಂದು ಅಂತ ಇದರ ಅಗಲ ಹೇಳುತ್ತೆ. ಯಾರು ಎರಕ ಹೊಯ್ದರು ಅಂತ ಈ ಮೂರು ಸಣ್ಣಕ್ಷರ ಹೇಳುತ್ತೆ. ಎರಡನೇ ಯುದ್ಧದಲ್ಲಿ ಕಾರ್ಖಾನೆಗಳು ಹೆಸರು ಬಚ್ಚಿಟ್ಟು ಹೀಗೆ ಗುಟ್ಟಿನ ಅಕ್ಷರ ಹಾಕ್ತಿದ್ರು. ಚಕ್ರಕ್ಕೆ ರಬ್ಬರ್ ಇದ್ರೆ ಮೊದಲಿನದ್ದು. ಬರೀ ಉಕ್ಕಿನ ಅಂಚಿದ್ರೆ, ಅಷ್ಟೊತ್ತಿಗೆ ಅವರ ಹತ್ರ ರಬ್ಬರೇ ಇರಲಿಲ್ಲ ಅಂತ ಅರ್ಥ. ಒಂದು ದೇಶ ಸೋಲ್ತಾ ಇರೋದು ಈ ಚಕ್ರದಲ್ಲಿ ಕಾಣುತ್ತೆ.”

ಅಮ್ಮ ಕೊಂಡಿಯ ನಡುವೆ ಮೇಲೆದ್ದ ಕೋಡನ್ನೇ ನೋಡುತ್ತಿದ್ದಳು. ಚಕ್ರ ಜಾರದಂತೆ ತಡೆಯುವ ಕೋಡು ಅದು. ಅದಕ್ಕೆ ಹಲ್ಲು ಎನ್ನುತ್ತಾರೆಂದು ಅಂಕಲ್ ಹೇಳಿದರು.

“ಹಲ್ಲೇ. ಒಂದೇ ಪಕ್ಕ ಸವೆದಿದೆ ನೋಡಿ ರಘು. ಕಚ್ಚು ಸರಿ ಇಲ್ಲದ ದವಡೆ ಹಲ್ಲು ಹೀಗೇ ಸವೆಯೋದು. ಈ ಗಾಡಿ ಬಹಳ ದಿನ ಓರೆಯಾಗಿ ಓಡಿದೆ.”

ಅಂಕಲ್ ಕೊಂಡಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು. “ವಸುಧಾ, ನಿನ್ನನ್ನ ಹಲ್ಲಿಗೆ ಬಿಟ್ಟಿದ್ದು ತಪ್ಪಾಯ್ತು!” ಅಮ್ಮ ನಕ್ಕಳು. ಆ ನಗು ಕೇಳಿ ಕಾಫಿ ಹಿಡಿದು ಬರುತ್ತಿದ್ದ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟ.

ಆಮೇಲೆ ಡಬ್ಬ ತೆರೆದೆವು. ಅಂಕಲ್ ಗ್ರೀಸ್ ಕೈ ಒರೆಸಿಕೊಂಡು ಪ್ಲಾಸ್ಟರ್ ಅಚ್ಚನ್ನು ಎತ್ತಿಕೊಂಡರು. ಅದು ಈ ಟ್ಯಾಂಕುಗಳಿಗೂ ಹಿಂದಿನದು, ಮೊದಲನೇ ಮಹಾಯುದ್ಧದ ಜರ್ಮನ್ ಫಿರಂಗಿ ಎಂದರು. ಆಗ ಯಾರೂ ಹೆಸರು ಬಚ್ಚಿಡುತ್ತಿರಲಿಲ್ಲ. ಚಕ್ರವರ್ತಿ ತನ್ನ ಕಿರೀಟವನ್ನೇ ಕೊರೆಸುತ್ತಿದ್ದ. ಆಸ್ಟ್ರೇಲಿಯಾದ ಸೈನಿಕರು ಗೆದ್ದುಕೊಂಡ ಅಂಥ ಫಿರಂಗಿಗಳನ್ನು ಹಡಗಿನಲ್ಲಿ ತಂದು, ಊರೂರಿಗೆ ಹಂಚಿ, ಪಾರ್ಕುಗಳಲ್ಲಿ ನಿಲ್ಲಿಸಿದ್ದರಂತೆ. ಕೆಳಗಿನ ಸಾಲು ಲ್ಯಾಟಿನ್. ಅಂಕಲ್ ಅದನ್ನು ಕನ್ನಡದಲ್ಲಿ ಹೇಳಿದರು: “ದೊರೆಯ ಕೊನೆಯ ವಾದ. ಅಂದ್ರೆ, ಮಾತಲ್ಲಿ ಕೇಳದಿದ್ರೆ ಇದರಲ್ಲಿ ಹೇಳ್ತೀನಿ ಅಂತ.” ಅವರ ಗುಂಪು ರಿಪೇರಿ ಮಾಡುತ್ತಿದ್ದ ಫಿರಂಗಿಯೂ ಇದೇ ಜಾತಿಯದು, ಹಿಂಬದಿಯ ಬೀಗದ ಭಾಗವೇ ಅದಕ್ಕಿರಲಿಲ್ಲ. ಟ್ರೇಲರ್ ತಂದು ಒಯ್ಯುತ್ತೇನೆಂದರು, ಅಪ್ಪ ಹೂಂ ಅಂದ. ಅಮ್ಮನೂ ಬೇಡವೆನ್ನಲಿಲ್ಲ.

ಆದರೆ ವಾಪಸ್ ಬಂದ ಮೇಲೆ ಅವಳಿಗೆ ಒಂದೇ ಪ್ರಶ್ನೆ. ಪಾರ್ಕಿನಲ್ಲಿ ನಿಲ್ಲಿಸಿದ್ದು ನಮ್ಮ ಹಿತ್ತಿಲಿಗೆ ಯಾಕೆ ಬಂತು? ಲೈಬ್ರರಿಗೆ ಹೋಗಿ, ಈ ಬಡಾವಣೆ ಆಗುವ ಮುಂಚೆ ಇಲ್ಲಿ ಬೇಸಾಯ ಮಾಡುತ್ತಿದ್ದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದಳು. ಲೈಬ್ರರಿಯ ಹೆಂಗಸು ಯಾರಿಗೋ ಫೋನ್ ಮಾಡಿದರು. ಮುಂದಿನ ವಾರ ನಮ್ಮ ಬಾಗಿಲಲ್ಲಿ ಟೋಪಿಯನ್ನು ಕೈಯಲ್ಲಿ ಹಿಡಿದು ಒಬ್ಬ ಎತ್ತರದ ಮುದುಕರು ನಿಂತಿದ್ದರು. ಹೆಸರು ಕೀತ್. ನಮ್ಮ ಬೀದಿ, ಅದರಾಚೆಯ ಬೀದಿ, ನಡುವೆ ಕೆರೆ ಮಾಡಿದ್ದ ಪಾರ್ಕು, ಎಲ್ಲ ಅವರ ಅಜ್ಜನ ಹೊಲವಾಗಿತ್ತಂತೆ.

ಅಮ್ಮ ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ಕೀತ್ ಗುಂಡಿಯೊಳಗೆ ನೋಡಿದರು. ಅಪ್ಪ ತಂದಿಟ್ಟ ಕುರ್ಚಿಯನ್ನು ನೋಡದೆಯೇ ಕೈಯಿಂದ ತಡವಿ ಕೂತರು.

“ಓಹ್. ಇಲ್ಲಿಟ್ಟಿದ್ದನೋ ನಮ್ಮಜ್ಜ.”

ಅವರು ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಈಗ ಕನ್ನಡದಲ್ಲೇ ನೆನಪಾಗುತ್ತದೆ. ಅವರಜ್ಜಿಗೆ ಮೂವರು ಗಂಡುಮಕ್ಕಳು. ದೊಡ್ಡವರಿಬ್ಬರು ಯುದ್ಧಕ್ಕೆ ಹೋಗಿ ಫ್ರಾನ್ಸಿನಲ್ಲೇ ಉಳಿದರು, ಇಬ್ಬರಿಗೂ ಗೋರಿಯಿಲ್ಲ. ಯುದ್ಧ ಮುಗಿದ ಮೇಲೆ ಊರಿಗೆ ಗೆಲುವಿನ ಗುರುತೆಂದು ಈ ಫಿರಂಗಿ ಬಂತು. ಊರಿನ ಸಭಾಭವನದ ಮುಂದೆ ನಿಲ್ಲಿಸಿದರು. ಚರ್ಚಿಗೆ ಹೋಗುವಾಗ, ಬರುವಾಗ, ಅಜ್ಜಿ ಅದರ ಮುಂದೆಯೇ ಹೋಗಬೇಕು. ಮಕ್ಕಳನ್ನು ಕೊಂದದ್ದು ಅದೇ ಇರಬಹುದು, ಅಲ್ಲದೆಯೂ ಇರಬಹುದು. ಅಜ್ಜಿ ವರ್ಷಗಟ್ಟಲೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ಒಂದು ಭಾನುವಾರ ಅವರ ನಾಲ್ಕು ವರ್ಷದ ಮೊಮ್ಮಗ, ಮೂರನೇ ಮಗನ ಮಗ, ಯಾರ ಕೈಯಿಂದಲೋ ತಪ್ಪಿಸಿಕೊಂಡು ಹೋಗಿ ಫಿರಂಗಿಯ ಮೇಲೆ ಕುದುರೆಯಂತೆ ಕೂತು, ‘ಅಜ್ಜೀ, ಇಲ್ನೋಡು’ ಎಂದು ಕೂಗಿದ.

“ಆ ಹುಡುಗ ನಾನೇ,” ಎಂದರು ಕೀತ್. “ತೊಡೆಗೆ ಆ ಕಬ್ಬಿಣ ಎಷ್ಟು ತಣ್ಣಗಿತ್ತು ಅಂತ ಇವತ್ತಿಗೂ ಗೊತ್ತು. ಅಜ್ಜಿ ಅಲ್ಲೇ ರಸ್ತೆಯಲ್ಲಿ ಕೂತುಬಿಟ್ಟಳು. ಮನೆಗೆ ಬಂದು ಮಲಗಿದವಳು ಊಟಕ್ಕೂ ಏಳಲಿಲ್ಲ.”

ಆ ವಾರವೇ ಅಜ್ಜ ತನ್ನ ಕುದುರೆಗಳನ್ನು ಕಟ್ಟಿಕೊಂಡು ಹೋಗಿ, ಹಾಡುಹಗಲೇ, ಫಿರಂಗಿಯನ್ನು ಎಳೆದುಕೊಂಡು ಬಂದರಂತೆ. ಊರಿನವರು ದಾರಿಯ ಎರಡೂ ಕಡೆ ನಿಂತು ನೋಡಿದರು. ಒಬ್ಬರೂ ತಡೆಯಲಿಲ್ಲ. ಆಮೇಲೆ ಸರ್ಕಾರದವರು ಬಂದು ಕೇಳಿದರೆ ಊರಿಗೆ ಊರೇ ‘ಗೊತ್ತಿಲ್ಲ’ ಎಂದಿತು. ಎಲ್ಲಿ ಹೂತರೆಂದು ಅಜ್ಜ ಮನೆಯವರಿಗೂ ಹೇಳಲಿಲ್ಲ. “ಇಲ್ಲಿ ನಾವು ಆಲೂಗಡ್ಡೆ ಬೆಳೀತಿದ್ವಿ. ನಾನು ಅದರ ಮೇಲೇ ಉತ್ತಿದ್ದೀನಿ,” ಎಂದು ಕೀತ್ ಮಣ್ಣನ್ನು ನೋಡಿದರು.

ಅಮ್ಮ ಕಿರೀಟದ ಕೆಳಗಿನ ಸಾಲಿನ ಅರ್ಥ ಹೇಳಿದಳು. ಅವರು ಅದನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡರು.

“ಹಾಗಾದ್ರೆ ದೊರೆ ಸೋತ. ಕೊನೆಯ ಮಾತು ನಮ್ಮಜ್ಜಿಯದಾಯ್ತು.”

ಹೊರಡುವಾಗ ಅವರು ನಮ್ಮಿಂದ ಏನೂ ಕೇಳಲಿಲ್ಲ. ಮನೆ ನಿಮ್ಮದು, ಅದೂ ನಿಮ್ಮದೇ, ನಿಮಗೆ ಸರಿ ಕಂಡದ್ದು ಮಾಡಿ ಎಂದರು. ಅಮ್ಮ ಅವರ ಕಾರು ತಿರುವು ದಾಟುವವರೆಗೆ ಬಾಗಿಲಲ್ಲೇ ನಿಂತಿದ್ದಳು.

ರಘು ಅಂಕಲ್ ಸಿಡ್ನಿಯಿಂದ ಟ್ರೇಲರ್ ಎಳೆದುಕೊಂಡು, ಸರಪಳಿ, ರಾಟೆ ಎಲ್ಲ ಹೊತ್ತು ಬಂದಾಗ ಅಮ್ಮ ಅವರಿಗೆ ಮೊದಲು ಇಡ್ಲಿ ಬಡಿಸಿದಳು. ತಿಂದು ಕೈ ತೊಳೆದ ಮೇಲೆ ಹೇಳಿದಳು:

“ರಘು, ನಾನು ಅದನ್ನ ಕೊಡಲ್ಲ.”

ಅಂಕಲ್ ಮುಖ ಕೆಂಪಾಯಿತು. “ಏನಮ್ಮ ಇದು? ಅಷ್ಟು ದೂರದಿಂದ ಬಂದಿದ್ದೀನಿ. ಮಣ್ಣಲ್ಲಿ ಬಿಟ್ರೆ ಕರಗಿ ಹೋಗುತ್ತೆ. ಅಷ್ಟು ದಿನ ಕೂತು ಬಿಡಿಸಿದ್ದು ನೀನೇ ಅಲ್ವ? ಯಾಕೆ ಬಿಡಿಸಿದೆ ಮತ್ತೆ?”

“ಏನು ಅಂತ ಗೊತ್ತಿರಲಿಲ್ಲ, ತಿಳ್ಕೋಬೇಕಿತ್ತು. ಈಗ ಗೊತ್ತಾಯ್ತು.”

ಕೀತ್ ಹೇಳಿದ್ದನ್ನೆಲ್ಲ ಅಮ್ಮ ಹೇಳಿದಳು. ಅಡಿಗೆಮನೆಯಲ್ಲಿ ನಿಂತುಕೊಂಡೇ, ಎಲ್ಲೂ ದನಿ ಏರಿಸದೆ. ಕೊನೆಗೆ, “ಒಬ್ಬ ತಾಯಿ ನೋಡಲಾರೆ ಅಂತ ಮಣ್ಣಿಗೆ ಹಾಕಿಸಿದ್ದನ್ನ ನಾನು ಎತ್ತಿ ನಿಲ್ಲಿಸಲಾ?” ಎಂದಳು. ಅಪ್ಪ ಅವಳ ಪಕ್ಕಕ್ಕೆ ಹೋಗಿ ನಿಂತ. ಅಂಕಲ್ ಒಬ್ಬರೇ ಹಿತ್ತಿಲಿಗೆ ಹೋದರು. ಕಿಟಕಿಯಿಂದ ನಾನು ನೋಡುತ್ತಿದ್ದೆ. ಅವರು ಗುಂಡಿಗೆ ಇಳಿದು ಬೀಗದ ಭಾಗವನ್ನು, ಕಿರೀಟವನ್ನು, ಹದ್ದನ್ನು, ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಚಿತ್ರ ತೆಗೆಯಲಿಲ್ಲ. ಮೇಲೆ ಬಂದು ಅಪ್ಪನಿಗೆ ಹೇಳಿದರು:

“ಗುದ್ದಲಿ ಇನ್ನೊಂದಿದ್ಯೇನೋ?”

ಮಧ್ಯಾಹ್ನ ಕೀತ್‌ರನ್ನು ಕರೆಸಿದೆವು. ಮೊದಲ ಹಿಡಿ ಮಣ್ಣು ಅವರೇ ಹಾಕಿದರು, ದೊಡ್ಡಪ್ಪ ಎಂದು ಒಮ್ಮೆಯೂ ಕರೆಯಲು ಸಿಗದ ಆ ಇಬ್ಬರ ಹೆಸರು ಹೇಳಿ: ಆರ್ಥರ್, ವಿಲಿಯಮ್. ಆಮೇಲೆ ಎಲ್ಲರೂ ಹಾಕಿದೆವು. ಕರಿ ಜೇಡಿಯ ಹೆಂಟೆಗಳು ಮೊದಮೊದಲು ಕಬ್ಬಿಣಕ್ಕೆ ಬಡಿದು ಸದ್ದಾಗುತ್ತಿತ್ತು, ಬರಬರುತ್ತಾ ಮಣ್ಣಿಗೆ ಮಣ್ಣು ಬೀಳುವ ಸದ್ದು ಮಾತ್ರ ಉಳಿಯಿತು. ನಾನು ಇಂದು ಸಿಡ್ನಿಯ ಮ್ಯೂಸಿಯಮ್ಮೊಂದರಲ್ಲಿ ಹಳೆಯ ಲೋಹದ ಸಾಮಾನುಗಳನ್ನು ಶುಚಿ ಮಾಡಿ ಗುರುತಿಸುವ ಕೆಲಸದಲ್ಲಿದ್ದೇನೆ. ಗಾಜಿನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ್ದು ಎಷ್ಟೋ ಇದೆ. ಆದರೂ ಒಂದು ವಸ್ತುವನ್ನು ಯಾರಾದರೂ ಅಷ್ಟು ಆಸ್ಥೆಯಿಂದ ಮಣ್ಣಿಗೆ ಒಪ್ಪಿಸಿದ್ದನ್ನು ನಾನು ಅಂದಿನ ಹಾಗೆ ಮತ್ತೆಲ್ಲೂ ನೋಡಿಲ್ಲ. ನೆಲ ಸಮವಾದ ಮೇಲೆ ಕೀತ್ ಬಗ್ಗಿ ಅಂಗೈಯನ್ನು ಮಣ್ಣಿನ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು. ಎದ್ದಾಗ ಅಮ್ಮ ಅವರ ತೋಳು ಹಿಡಿದಿದ್ದಳು.

ಅಂಕಲ್ ಖಾಲಿ ಟ್ರೇಲರ್ ಕಟ್ಟಿಕೊಂಡು, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ತೆಗೆದುಕೊಂಡು ಹೊರಟರು. ಸಂಜೆಯ ಹೊತ್ತಿಗೆ ಮನೆಯಲ್ಲಿ ನಾವು ಮೂವರೇ. ಅಪ್ಪ ಸಿಂಕಿನಲ್ಲಿ ಇಡ್ಲಿ ತಟ್ಟೆಗಳನ್ನು ತೊಳೆಯುತ್ತಿದ್ದ. ಮೈಸೂರಿನಿಂದ ಅಜ್ಜಿಯ ಫೋನ್ ಬಂತು. ಗುದ್ದಲಿ, ಹಾರೆ ಒಳಗಿಟ್ಟು ಬಂದ ಅಮ್ಮನ ಎರಡೂ ಕೈ ಮಣ್ಣಾಗಿದ್ದರಿಂದ ನಾನೇ ಅವಳ ಕಿವಿಗೆ ಹಿಡಿದೆ. ಅಜ್ಜಿಯ ಮಾತು ನನಗೂ ಕೇಳುತ್ತಿತ್ತು.

“ಯಾವಾಗ ಮನೆಗೆ ಬರ್ತೀಯೇ, ವಸೂ?”

“ದಸರಾಕ್ಕೆ ಬರ್ತೀನಮ್ಮ. ಸಿಂಧೂಗೆ ರಜ ಇರುತ್ತೆ. ಒಂದೆರಡು ವಾರ ಇದ್ದು, ಮತ್ತೆ ಮನೆಗೆ ಬಂದುಬಿಡಬೇಕು.”

ಅಲ್ಲಿಯವರೆಗೆ ಅಮ್ಮನ ಬಾಯಲ್ಲಿ ಮನೆಯೆಂದರೆ ಮೈಸೂರು. ಅಪ್ಪ ನಲ್ಲಿ ನಿಲ್ಲಿಸಿದ. ಇನ್ನೊಮ್ಮೆ ಹೇಳುತ್ತಾಳೇನೋ ಎಂದು ಕಾಯುವವನಂತೆ, ಒದ್ದೆ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತ.